ಚಿಟಿಕೆಯ ತೂಕ

ಅವಳು ಮಾರುಕಟ್ಟೆಗೆ ಕಾಲಿಟ್ಟರೆ ತಕ್ಕಡಿಗಳೂ ಮೈ ನೆಟ್ಟಗೆ ಮಾಡಿಕೊಂಡು ನಿಲ್ಲುತ್ತವೆ ಎಂದು ತರಕಾರಿಯವರು ತಮಾಷೆ ಮಾಡುತ್ತಿದ್ದರು. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ಅವಳಿಗೆ ಇಪ್ಪತ್ತೆರಡು ವರ್ಷವಾಗಿತ್ತು. ಊರಿನವರಿಗೆಲ್ಲ ಅವಳು ತೂಕದ ಮೇಡಂ. ಹೆಗಲ ಚೀಲದಲ್ಲಿ ಸದಾ ಹಿತ್ತಾಳೆ ಬಟ್ಟುಗಳ ಡಬ್ಬಿ, ಅಂಗೈಯಗಲದ ಎಲೆಕ್ಟ್ರಾನಿಕ್ ತಕ್ಕಡಿ, ಒಂದು ನೋಟ್‌ಬುಕ್ಕು. ಅಳೆಯದೆ ಒಂದು ಮಾತೂ ಆಡುವವಳಲ್ಲ ಎಂದು ಹೆಸರಾಗಿದ್ದಳು.

ಇಂಥವಳಿಗೆ ಒಂದು ಹುಚ್ಚಿತ್ತು. ಹಳೆಯ ಲಾವಾ ದೀಪಗಳ ಹುಚ್ಚು.

ಉದ್ದನೆಯ ಗಾಜಿನ ಬಾಟಲಿ, ಅದರೊಳಗೆ ನೀರು, ನೀರಿನ ತಳದಲ್ಲಿ ಬಣ್ಣದ ಮೇಣ. ಕೆಳಗೆ ಬಲ್ಬು ಹೊತ್ತಿಸಿದರೆ ಮೇಣ ಕರಗಿ, ಹಿಗ್ಗಿ, ನೀರಿಗಿಂತ ಕೂದಲೆಳೆಯಷ್ಟು ಹಗುರವಾಗಿ ಉಂಡೆಯುಂಡೆಯಾಗಿ ಮೇಲೇಳುತ್ತದೆ. ಮೇಲೆ ತಣ್ಣಗಾಗಿ, ನೀರಿಗಿಂತ ಕೂದಲೆಳೆಯಷ್ಟು ಭಾರವಾಗಿ ಕೆಳಗಿಳಿಯುತ್ತದೆ. ಅಷ್ಟೇ. ಆದರೆ ಆ ಕೂದಲೆಳೆಯ ಲೆಕ್ಕ ತಪ್ಪಿದರೆ ಮೇಣ ಒಂದೋ ತಳ ಬಿಡುವುದಿಲ್ಲ, ಇಲ್ಲವೇ ನೆತ್ತಿ ಬಿಡುವುದಿಲ್ಲ. ದಿನವಿಡೀ ಅಂಗಡಿಯವರ ತಕ್ಕಡಿಗಳ ಜೊತೆ ಜಗಳವಾಡಿ ಬಂದವಳಿಗೆ, ತನ್ನಷ್ಟಕ್ಕೆ ತಾನೇ ತೂಗಿಕೊಳ್ಳುವ ಈ ತಕ್ಕಡಿಯ ಮುಂದೆ ಕೂತರೆ ಜೀವ ತಂಪಾಗುತ್ತಿತ್ತು. ಗುಜರಿ ಅಂಗಡಿಯಲ್ಲಿ, ಮುಚ್ಚಿಹೋದ ಹೋಟೆಲಿನ ಹರಾಜಿನಲ್ಲಿ, ಯಾರದೋ ಅಟ್ಟದ ಮೇಲೆ ಹುಡುಕಿ ತಂದ ಹನ್ನೊಂದು ದೀಪಗಳು ಮನೆಯಲ್ಲಿದ್ದವು. ಹೆಚ್ಚಿನವು ಅವಳಿಗಿಂತ ಹಿರಿಯವು.

ಗಂಡ ಸೋಫಾ, ಕುಶನ್ ಹೊಲಿಯುವವನು. ಮೊದಮೊದಲು ದೀಪಗಳನ್ನು ನೋಡಿ ಮೂಗು ಮುರಿದಿದ್ದ. "ಮನೆ ಮನೆ ಥರ ಕಾಣ್ಬೇಕು ಕಣೇ, ದೀಪದ ಅಂಗಡಿ ಥರ ಅಲ್ಲ" ಎಂದಿದ್ದ. ಆಮೇಲೆ ಅವನಿಗೂ ಆ ಹುಚ್ಚು ಹತ್ತಿಕೊಂಡಿತು. ದೀಪದ ಬಣ್ಣ ಎದ್ದು ಕಾಣಲಿ ಎಂದು ಸೋಫಾಕ್ಕೆ ಬೂದಿ ಬಣ್ಣದ ದಪ್ಪ ಬಟ್ಟೆ ಹೊಲಿದ. ಕಿತ್ತಳೆ ದೀಪದ ಪಕ್ಕಕ್ಕೆ ಒಂದೇ ಒಂದು ಕಡುನೀಲಿ ದಿಂಬು. ಹಸಿರು ದೀಪ ಚಪ್ಪಲಿ ಗೂಡಿನ ಮೇಲೆ, ಬಾಗಿಲು ತೆಗೆದವರ ಕಣ್ಣಿಗೆ ಮೊದಲು ಬೀಳುವ ಹಾಗೆ. ನೇರಳೆಯದು ಕನ್ನಡಿಯ ಎದುರು, ಒಂದು ಎರಡಾಗಿ ಕಾಣಲಿ ಎಂದು. ಬಿಸಿಲು ಬಿದ್ದರೆ ಬಣ್ಣ ಕಂದುತ್ತದೆ ಎಂದು ಅವಳು ಹೇಳಿದ್ದಕ್ಕೆ ಕಿಟಕಿಗೆ ಎರಡು ಪದರದ ಪರದೆ ಹಾಕಿದ. ಒಂದು ಹೊತ್ತಿಗೆ ಮೂರಕ್ಕಿಂತ ಹೆಚ್ಚು ದೀಪ ಹೊತ್ತಿಸಬಾರದು ಎಂಬ ಕಾನೂನು ಅವನದು. ಬಿಸಿಯಾಗಿರುವಾಗ ಯಾರೂ ಮುಟ್ಟಬಾರದು, ಅಲುಗಾಡಿಸಿದರೆ ನೀರು ಹಾಲಿನಂತೆ ಮಬ್ಬಾಗುತ್ತದೆ ಎಂಬ ಕಾನೂನು ಅವಳದು. ಎರಡು ಕಾನೂನುಗಳ ನಡುವೆ ಸಂಸಾರ ಸುಖವಾಗಿಯೇ ನಡೆದಿತ್ತು.

ಹನ್ನೆರಡನೆಯ ದೀಪ ಮಾತ್ರ ಅವಳದ್ದಲ್ಲ, ಅತ್ತೆಯದು.

ಅದು ತೀರಿಹೋದ ಮಾವನ ಫೋಟೋ ಸ್ಟುಡಿಯೋದಲ್ಲಿ ಇದ್ದ ದೀಪ. ಕೆಂಪು ಮೇಣ, ಮಬ್ಬು ಹಳದಿ ನೀರು. ಗಿರಾಕಿಗಳು ಕಾಯುವ ಬೆಂಚಿನ ಎದುರು ಮಾವ ಅದನ್ನು ಇಟ್ಟಿದ್ದರಂತೆ. ಬಂದವರನ್ನು ಕೂರಿಸಿ, "ಮೇಣ ಎದ್ದ ಮೇಲೆ ಕರೀತೀನಿ" ಎನ್ನುತ್ತಿದ್ದರಂತೆ. ಅದೋ ಮಹಾ ಸೋಮಾರಿ ದೀಪ. ಏಳುವುದಕ್ಕೆ ಎರಡು ಗಂಟೆ ಬೇಕು. ಬಿಗಿದ ಮುಖ ಹೊತ್ತು ಬಂದವರು ನೋಡಿ ನೋಡಿ ಸಡಿಲವಾಗಿ, ಮೊದಲ ಉಂಡೆ ಮೇಲೇಳುವ ಹೊತ್ತಿಗೆ ತಮಗೇ ಗೊತ್ತಿಲ್ಲದೆ ನಗುತ್ತಿದ್ದರಂತೆ. ಆಗ ಮಾವ ಕ್ಯಾಮೆರಾ ಮುಂದೆ ಕೂರಿಸುತ್ತಿದ್ದರು. ಊರಿನ ಹಳೆಯ ಮನೆಗಳ ಗೋಡೆಯ ಮೇಲೆ ಈಗಲೂ ನೇತಾಡುವ ಆ ಫೋಟೋಗಳಲ್ಲಿ ಎಲ್ಲರ ಮುಖದಲ್ಲೂ ಅದೇ ನಿರಾಳ. "ತಾಳಿದವನು ಬಾಳಿಯಾನು" ಎಂದು ಮಾವ ದೀಪವನ್ನು ತೋರಿಸಿ ಹೇಳುತ್ತಿದ್ದರಂತೆ.

ಈಗ ಆ ದೀಪ ಅತ್ತೆಯ ಕೋಣೆಯಲ್ಲಿ, ಬೆತ್ತದ ಕುರ್ಚಿಯ ಎದುರಿಗಿತ್ತು. ಮಧ್ಯಾಹ್ನ ಮೂರಕ್ಕೆ ಅತ್ತೆ ಸ್ವಿಚ್ ಒತ್ತುತ್ತಿದ್ದರು. ಐದಕ್ಕೆ ಮೇಣ ಎದ್ದರೆ ತಾವೂ ಎದ್ದು ಟೀಗೆ ನೀರಿಡುತ್ತಿದ್ದರು. ನಡುವಿನ ಎರಡು ಗಂಟೆ ಅವರು ಏನೂ ಮಾಡುತ್ತಿರಲಿಲ್ಲ. ಆ ಏನೂ ಮಾಡದಿರುವುದನ್ನು ಬಹಳ ಶ್ರದ್ಧೆಯಿಂದ ಮಾಡುತ್ತಿದ್ದರು.

ಮೇಡಂನ ನೋಟ್‌ಬುಕ್ಕಿನಲ್ಲಿ ಒಂದೊಂದು ದೀಪಕ್ಕೂ ಒಂದು ಪುಟವಿತ್ತು. ಹನ್ನೆರಡನೆಯ ಪುಟದಲ್ಲಿ ಹೀಗೆ ಬರೆದಿದ್ದಳು: "ನೀರು: ಹಳದಿ, ಮೂಲ ಬಣ್ಣ ಕಾಲಕ್ರಮೇಣ ಕಂದಿದೆ. ದೋಷ: ಮಬ್ಬು, ನಿಧಾನ." ಆ ದೋಷದ ಸಾಲು ಅವಳ ಕಣ್ಣಿಗೆ ಬಿದ್ದಾಗೆಲ್ಲ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಕಿರಿಕಿರಿ ಮಾಡುತ್ತಿತ್ತು.

ಅತ್ತೆ ತಮ್ಮ ಮಗಳ ಮನೆಗೆಂದು ಹದಿನೈದು ದಿನಕ್ಕೆ ಹೊರಟರು. ಅವರ ಬಸ್ಸು ತಿರುವು ದಾಟುವ ಮೊದಲೇ ಸೊಸೆಯ ತಲೆಯಲ್ಲಿ ಯೋಜನೆ ಸಿದ್ಧವಾಗಿತ್ತು. ಹನ್ನೊಂದು ದೀಪಗಳ ನೀರು ಬದಲಾಯಿಸಿ ಹೊಸದರಂತೆ ಮಾಡಿದ್ದವಳಿಗೆ ಹನ್ನೆರಡನೆಯದು ಯಾವ ಲೆಕ್ಕ? ಅತ್ತೆ ಬರುವಷ್ಟರಲ್ಲಿ ಫಳಫಳ ಹೊಳೆಯುತ್ತಿರಬೇಕು, ನೋಡಿ ಬೆರಗಾಗಬೇಕು. ಮುಚ್ಚಳ ತೆಗೆದಳು. ಒಳಗಿನಿಂದ ಹಳೆಯ ಪಾತ್ರೆಯ ವಾಸನೆ ಬಂತು. ಮೂಗು ಮುಚ್ಚಿಕೊಂಡು ಆ ಹಳದಿ ನೀರನ್ನು ಸಿಂಕಿಗೆ ಸುರಿದಳು. ಬಟ್ಟಿ ಇಳಿಸಿದ ನೀರಿಗೆ ತನ್ನ ಅಳತೆಯ ಉಪ್ಪು, ಎರಡು ಹನಿ ಪಾತ್ರೆ ತೊಳೆಯುವ ಸಾಬೂನು ಬೆರೆಸಿ ತುಂಬಿದಳು. ಸ್ವಿಚ್ ಒತ್ತಿದಳು.

ಮೇಣ ಕರಗಿತು. ಒಂದೇ ಉಸಿರಿಗೆ ಮೇಲೆದ್ದಿತು. ಬಾಟಲಿಯ ನೆತ್ತಿಗೆ ಹೋಗಿ ಟೋಪಿಯಂತೆ ಕೂತುಬಿಟ್ಟಿತು. ಒಂದು ಗಂಟೆಯಾಯಿತು, ಎರಡಾಯಿತು. ಟೋಪಿ ಇಳಿಯಲಿಲ್ಲ.

ಆಗ ಅವಳಿಗೆ ಹೊಳೆಯಿತು, ತಾನೇನು ಮಾಡಿದ್ದೇನೆಂದು. ಹನ್ನೊಂದೂ ಒಂದೇ ಕಂಪನಿಯ ದೀಪಗಳು, ಇದು ಬೇರೆ. ಇದರ ಮೇಣವೇ ಹಗುರ. ಹಳೆಯ ನೀರನ್ನು ಒಂದು ಲೋಟ ಎತ್ತಿಟ್ಟು ತೂಗಿದ್ದರೆ ಸಾಂದ್ರತೆ ಗೊತ್ತಾಗುತ್ತಿತ್ತು, ಅದೇ ತೂಕದ ಹೊಸ ನೀರು ಮಾಡಬಹುದಿತ್ತು. ಎರಡು ಗ್ರಾಂ ಕಡಿಮೆ ತೂಗಿದ್ದಕ್ಕೆ ಅಂಗಡಿಯವರಿಗೆ ದಂಡ ಹಾಕುವವಳು, ಮನೆಯ ನೀರನ್ನು ತೂಗದೆ ಚೆಲ್ಲಿದ್ದಳು.

ಸಂಜೆ ಗಂಡ ಬಂದು ನೋಡಿದವನು ಕೈಯಲ್ಲಿದ್ದ ಸೂಜಿದಾರದ ಚೀಲವನ್ನು ಹಾಗೇ ಹಿಡಿದುಕೊಂಡು ನಿಂತ.

"ಏನೇ ಇದು? ಹಳೇ ನೀರೆಲ್ಲಿ?"

"ಚೆಲ್ಲಿದೆ."

"ಚೆಲ್ಲಿದೆ?" ಅವನ ದನಿ ಒಂದು ಮೆಟ್ಟಿಲು ಇಳಿಯಿತು. "ಅದು ಅಪ್ಪ ಮುಟ್ಟಿದ ನೀರು ಕಣೇ. ಸ್ಟುಡಿಯೋದಿಂದ ಬಂದಾಗಿಂದ ಯಾರೂ ಮುಚ್ಚಳ ತೆಗೆದಿಲ್ಲ. ಅಮ್ಮ ಅಷ್ಟು ಹೊತ್ತು ಅದರ ಮುಂದೆ ಕೂರೋದು ಯಾಕೆ ಅಂದ್ಕೊಂಡೆ ನೀನು?"

ಅವಳು ಸಿಂಕಿನ ಬಳಿ ಹೋಗಿ ಬಗ್ಗಿ ನೋಡಿದಳು; ಒಂದು ಹನಿಯೂ ಉಳಿದಿರಲಿಲ್ಲ.

ಮರುದಿನದಿಂದ ಶುರುವಾಯಿತು ಅವಳ ತಪಸ್ಸು. ಸಿರಿಂಜಿನಲ್ಲಿ ಇಪ್ಪತ್ತು ಮಿಲಿಲೀಟರ್ ಉಪ್ಪುನೀರು ತೆಗೆದು ಅಷ್ಟೇ ಸಪ್ಪೆ ನೀರು ಹಾಕುವುದು. ಸಂಜೆ ಮೂರು ಗಂಟೆ ಹೊತ್ತು ಕಾಯಿಸಿ ನೋಡುವುದು. ತಣ್ಣಗಾಗುವ ತನಕ ಮುಟ್ಟುವಂತಿಲ್ಲವಾದ್ದರಿಂದ ದಿನಕ್ಕೆ ಒಂದೇ ಪ್ರಯತ್ನ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಎಂಬ ಗಾದೆಯಲ್ಲಿ ಈ ಸಲ ಕುಂಬಾರನೂ ಅವಳೇ, ದೊಣ್ಣೆಯೂ ಅವಳೇ. ಮೂರನೆಯ ದಿನ ಟೋಪಿಯ ಅಂಚಿನಿಂದ ಒಂದು ಹನಿ ಜಾರಿತು. ಆರನೆಯ ದಿನ ಅರ್ಧ ಮೇಣ ಇಳಿಯಿತು. ಹನ್ನೊಂದನೆಯ ದಿನ ಕೆಂಪು ಉಂಡೆಗಳು ಲಕ್ಷಣವಾಗಿ ಏಳುತ್ತ, ಬೀಳುತ್ತ, ಒಂದನ್ನೊಂದು ಮುಟ್ಟಿ ಬೇರೆಯಾಗುತ್ತ ಓಡಾಡತೊಡಗಿದವು. ನೀರು ಕನ್ನಡಿಯಂತಿತ್ತು. ಸ್ವಿಚ್ ಒತ್ತಿದ ನಲವತ್ತೇ ನಿಮಿಷಕ್ಕೆ ಮೊದಲ ಉಂಡೆ ಎದ್ದಿತ್ತು.

ಗಂಡ ತಲೆದೂಗಿದ. "ಗೆದ್ದೆ ಬಿಡು. ಇನ್ನು ಬಾಯಿ ಮುಚ್ಕೊಂಡಿರು. ಗಾಜು ಒರೆಸಿದೆ ಅಂತ ಹೇಳು. ಅಮ್ಮಂಗೇನೂ ಗೊತ್ತಾಗಲ್ಲ."

"ತಕ್ಕಡಿ ಕೆಳಗೆ ಅಯಸ್ಕಾಂತ ಅಂಟಿಸೋರೂ ಹೀಗೇ ಅನ್ಕೊಂಡಿರ್ತಾರೆ" ಎಂದಳು ಅವಳು.

"ಅಯ್ಯೋ ಮೇಡಂ, ಮನೇಲೂ ದಂಡ ಹಾಕ್ತೀರಾ?"

ಹೇಳಿಬಿಡಬೇಕು ಎಂದು ಅವಳು ಅಂದುಕೊಂಡಳು. ಬಸ್‌ಸ್ಟ್ಯಾಂಡಿನಲ್ಲೇ ಹೇಳಬೇಕು ಎಂದುಕೊಂಡವಳು ಅತ್ತೆಯ ಚೀಲ ಎತ್ತಿಕೊಂಡು "ಪ್ರಯಾಣ ಸುಖವಾಗಿತ್ತಾ?" ಎಂದಳು. ಊಟಕ್ಕೆ ಕೂತಾಗ ಹೇಳಬೇಕು ಎಂದುಕೊಂಡವಳು "ಇನ್ನೊಂಚೂರು ಬಡಿಸ್ಲಾ?" ಎಂದಳು. ಅತ್ತೆ ಮಗಳ ಮನೆಯ ವರದಿ ಒಪ್ಪಿಸುತ್ತಿದ್ದರು.

"ಅವಳ ಮನೇಲಿ ಎಲ್ಲಾ ಚೆನ್ನಾಗಿದೆ ಕಣಮ್ಮ. ಆದ್ರೆ ಕೂತ್ಕೊಳ್ಳೋಕೆ ಬಿಡಲ್ಲ. ಅಮ್ಮಾ ಟಿವಿ ನೋಡು, ಅಮ್ಮಾ ವಾಕಿಂಗ್ ಹೋಗೋಣ. ಸುಮ್ನೆ ಇರೋದೂ ಒಂದು ಕೆಲಸ ಅಂತ ಅವಳಿಗೆ ಗೊತ್ತೇ ಇಲ್ಲ."

ಗೋಡೆ ಗಡಿಯಾರದಲ್ಲಿ ಮೂರಾಯಿತು. ಅತ್ತೆ ತಮ್ಮ ಕೋಣೆಗೆ ಹೋಗಿ ಸ್ವಿಚ್ ಒತ್ತಿ ಬೆತ್ತದ ಕುರ್ಚಿಯಲ್ಲಿ ಕೂತರು. ಸೊಸೆ ಹೊಸಿಲಲ್ಲಿ ನಿಂತು ಒಣಗಿದ ಬಟ್ಟೆ ಮಡಿಸುವ ನೆಪ ಮಾಡಿದಳು. ಒಂದೇ ಟವೆಲನ್ನು ನಾಲ್ಕು ಸಲ ಮಡಿಸಿದಳು.

ಮೂರೂ ನಲವತ್ತಕ್ಕೆ ಮೊದಲ ಉಂಡೆ ಎದ್ದಿತು. ಅದರ ಬೆನ್ನಿಗೇ ಎರಡನೆಯದು, ಮೂರನೆಯದು.

ಅತ್ತೆ ಅಭ್ಯಾಸಬಲದಿಂದ ಕುರ್ಚಿಯ ಕೈ ಹಿಡಿದು ಏಳಹೋದರು. ಅರ್ಧ ಎದ್ದವರು ಗಡಿಯಾರ ನೋಡಿದರು. ಮತ್ತೆ ಕೂತರು.

"ಇದಕ್ಕೇನಾಯ್ತೇ?" ಎಂದರು. "ಯಾರೋ ಅಟ್ಟಿಸ್ಕೊಂಡು ಬಂದ ಹಾಗೆ ಓಡ್ತಿದೆ?"

"ಗಾಜು ಒರೆಸಿದ್ಲಮ್ಮ!" ಎಂದು ಪಕ್ಕದ ಕೋಣೆಯಿಂದ ಮಗನ ದನಿ ಕೇಳಿತು. ಯಾರೂ ಅವನನ್ನು ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಸೊಸೆ ಟವೆಲನ್ನು ಕೆಳಗಿಟ್ಟಳು. ಅತ್ತೆಯ ಎದುರು ನೆಲದ ಮೇಲೆ ಕೂತಳು.

"ಇಲ್ಲ ಅತ್ತೆ. ಒರೆಸಿದ್ದಷ್ಟೇ ಅಲ್ಲ. ನೀರು ಚೆಲ್ಲಿಬಿಟ್ಟೆ. ಮಾವನ ಕಾಲದ ನೀರು. ಹೊಸದರ ಹಾಗೆ ಮಾಡೋಣ ಅಂತ ನಿಮ್ಮನ್ನ ಕೇಳದೇನೇ ತೆಗೆದೆ. ತೂಕನೂ ನೋಡ್ಲಿಲ್ಲ. ಈಗ ಮೊದಲಿನ ಹಾಗೆ ಮಾಡೋಕೆ ನನಗೆ ಬರ್ತಿಲ್ಲ. ಮೊದಲು ಹೇಗಿತ್ತು ಅಂತಾನೇ ನನಗೆ ಗೊತ್ತಿಲ್ಲ." ಅವಳು ದೀಪದಿಂದ ಕಣ್ಣು ತೆಗೆದು ಅತ್ತೆಯ ಮುಖ ನೋಡಿದಳು. "ತಪ್ಪಾಯ್ತು."

ಗಂಡ ಬಂದು ಬಾಗಿಲಲ್ಲಿ ನಿಂತ. ಅತ್ತೆ ದೀಪವನ್ನು ನೋಡಿದರು, ಸೊಸೆಯನ್ನು ನೋಡಿದರು, ಮಗನನ್ನು ನೋಡಿದರು. ಅವರ ಮುಖದಲ್ಲಿ ಏನೋ ಒಂದು ನಿಧಾನವಾಗಿ ಮೇಲೇಳುತ್ತಿತ್ತು. ಅಳುವೋ ಸಿಟ್ಟೋ ಎಂದು ಇಬ್ಬರೂ ಉಸಿರು ಹಿಡಿದರು. ಎದ್ದದ್ದು ನಗು.

"ಮಾವನ ಕಾಲದ ನೀರಂತೆ!" ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅದು ಬರೀ ನಲ್ಲಿ ನೀರು ಕಣೇ!"

"ಏನಮ್ಮಾ ಹಾಗಂದ್ರೆ?" ಮಗ ಒಳಗೆ ಬಂದ.

"ಏನು ಅಂದ್ರೆ ಏನು? ನೀನಿನ್ನೂ ತೊಟ್ಟಿಲಲ್ಲಿದ್ದೆ. ಸ್ಟುಡಿಯೋ ಗುಡಿಸೋಕೆ ಹೋಗಿದ್ದೆ. ಬಾಟ್ಲಿ ಕತ್ತಿನ ಒಳಗಡೆ ಒಂದು ಕಲೆ ಕಾಣ್ತು. ನೋಡಿದ್ಮೇಲೆ ಬಿಡೋಕಾಗುತ್ತಾ? ಮುಚ್ಚಳ ತೆಗೆದು ಒರೆಸೋಣ ಅಂತ ಹೋದೆ, ಕೈಜಾರ್ತು. ಮೇಣ ಗಟ್ಟಿಯಾಗಿತ್ತು, ಒಳಗೇ ಉಳ್ಕೊಂತು. ನೀರೆಲ್ಲ ನೆಲಕ್ಕೆ. ನಿಮ್ಮಪ್ಪ ಮದುವೆ ಫೋಟೋ ತೆಗೆಯೋಕೆ ಹೋಗಿದ್ರು, ಬರೋದು ಸಂಜೆಗೇ."

"ಆಮೇಲೆ?" ಇಬ್ಬರೂ ಒಟ್ಟಿಗೆ ಕೇಳಿದರು.

"ಆಮೇಲೇನು, ನಲ್ಲಿ ನೀರು ಹಿಡಿದೆ. ಹೊತ್ತಿಸಿದ್ರೆ ಮೇಣ ಮೇಲೇಳ್ತಿಲ್ಲ. ಉಪ್ಪುನೀರಲ್ಲಿ ಮೊಟ್ಟೆ ತೇಲುತ್ತಲ್ಲ, ಅದು ನೆನಪಾಯ್ತು. ಒಂದೊಂದೇ ಚಿಟಿಕೆ ಉಪ್ಪು ಹಾಕ್ತಾ ಬಂದೆ. ಒಂದು ಸಣ್ಣ ಉಂಡೆ ಎದ್ದ ತಕ್ಷಣ, ಸಾಕಪ್ಪಾ ದೇವರೇ ಅಂತ ನಿಲ್ಲಿಸ್ದೆ."

"ಆ ಹಳದಿ ಬಣ್ಣ?" ಸೊಸೆಯ ಕೈ ತಾನಾಗಿಯೇ ನೋಟ್‌ಬುಕ್ಕಿಗೆ ಹೋಗಿತ್ತು.

"ಮೊದಲಿನ ನೀರು ಹಳದಿ ಇತ್ತು. ಅದಕ್ಕೆ ಟೀ ಡಿಕಾಕ್ಷನ್ ಎರಡು ಚಮಚ ಹಾಕಿದೆ."

ಮೇಡಂ ತನ್ನ ಹನ್ನೆರಡನೆಯ ಪುಟವನ್ನು ನೋಡಿಕೊಂಡಳು. 'ಮೂಲ ಬಣ್ಣ ಕಾಲಕ್ರಮೇಣ ಕಂದಿದೆ.' ಬಿ.ಎಸ್ಸಿ. ಓದಿದ್ದೂ ಸಾರ್ಥಕವಾಯಿತು.

"ಅಪ್ಪಂಗೆ ಗೊತ್ತಾಗ್ಲಿಲ್ವಾ?" ಗಂಡ ಇನ್ನೂ ಬೆರಗಿನಿಂದ ಇಳಿದಿರಲಿಲ್ಲ.

"ಸಂಜೆ ನೋಡಿ, ಇದೇನಿದು, ನಿನ್ನೆವರೆಗೂ ಚೆನ್ನಾಗಿ ಓಡ್ತಿತ್ತು, ಇವತ್ತು ಯಾಕೋ ಸೋಮಾರಿಯಾಯ್ತು ಅಂದ್ರು. ವಯಸ್ಸಾಯ್ತೇನೋ ಅಂದೆ ನಾನು. ಹೇಳ್ಬೇಕು ಹೇಳ್ಬೇಕು ಅಂತ ಒಂದು ವಾರ ಒದ್ದಾಡಿದೆ. ಅಷ್ಟರಲ್ಲಿ ಅವರಿಗೇ ಅದರ ರುಚಿ ಹತ್ತಿಬಿಡ್ತು. ನೋಡೇ, ನಿಧಾನವಾದ್ಮೇಲೆ ಗಿರಾಕಿ ಮುಖ ಎಷ್ಟು ಚೆನ್ನಾಗಿ ಬರ್ತಿದೆ ಅಂತ ಫೋಟೋ ತಂದು ತೋರಿಸಿದ್ರು. ಇನ್ನೇನು ಹೇಳ್ಲಿ? ಊರೆಲ್ಲ ಅವರ ಫೋಟೋನ ಹೊಗಳೋದು, ನಾನು ಒಳಗೊಳಗೇ ಉಪ್ಪಿನ ಡಬ್ಬಿಗೆ ಕೈ ಮುಗಿಯೋದು."

ಮೂವರೂ ನಕ್ಕರು. ನಗು ಒಂದು ಸುತ್ತು ಮುಗಿಯಿತು ಎನ್ನುವಷ್ಟರಲ್ಲಿ ಯಾರೋ ಒಬ್ಬರು "ಟೀ ಡಿಕಾಕ್ಷನ್" ಎನ್ನುವುದು, ಮತ್ತೆ ಶುರುವಾಗುವುದು. ದೀಪ ಮಾತ್ರ ತನ್ನ ಪಾಡಿಗೆ ಕೆಂಪು ಉಂಡೆಗಳನ್ನು ಮೇಲಕ್ಕೂ ಕೆಳಕ್ಕೂ ಓಡಿಸುತ್ತಿತ್ತು.

ಅತ್ತೆ ಕಣ್ಣೊರೆಸಿಕೊಂಡು ಅದರ ಕಡೆ ತಿರುಗಿದರು. "ನೀರು ಚೆನ್ನಾಗೇ ಇದೆ ಕಣಮ್ಮ, ಮೇಣದ ಬಣ್ಣ ಈಗ್ಲೇ ಸರಿಯಾಗಿ ಕಾಣ್ತಿರೋದು. ಆದ್ರೆ ಈ ಓಟ ನನಗೆ ಆಗಲ್ಲ. ಮೂರೂ ನಲವತ್ತಕ್ಕೆ ಟೀ ಕುಡಿದು ಆಮೇಲೆ ರಾತ್ರಿವರೆಗೂ ನಾನೇನು ಮಾಡ್ಲಿ?"

"ಏನು ಮಾಡೋದು ಅತ್ತೆ? ನಿಮ್ಮ ಲೆಕ್ಕ ನನಗೆ ಸಿಕ್ತಿಲ್ಲ."

"ಅಡುಗೆಗೆ ಉಪ್ಪು ಜಾಸ್ತಿಯಾದ್ರೆ ಏನು ಮಾಡ್ತೀಯ? ನೀರು ಹಾಕ್ತೀಯ. ಇಲ್ಲಿ ಬಾಟ್ಲಿ ತುಂಬಿದೆ, ನಾಳೆ ಎಲ್ಲಾ ಚೆಲ್ಲಿ ಹೊಸದಾಗಿ ಶುರು ಮಾಡು. ಚಿಟಿಕೆ ನಾನು ಹಾಕ್ತೀನಿ."

"ಉಪ್ಪು ತಿಂದವರು ನೀರು ಕುಡೀಲೇಬೇಕು" ಎಂದ ಮಗ. "ಹಾಕಿದವರು?"

"ಹಾಕಿದವಳಿಗೆ ಈಗ ಟೀ ಮಾಡ್ಕೊಂಡು ಬಾ, ಹೋಗು. ಮಾತು ಕಲಿತಿದಾನೆ."

ಮರುದಿನ ಭಾನುವಾರ. ದೀಪ ರಾತ್ರಿಯೆಲ್ಲ ತಣ್ಣಗಾಗಿ, ಮೇಣ ತಳದಲ್ಲಿ ಗಟ್ಟಿಯಾಗಿ ಕೂತಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಹಳೆಯ ದಿನಪತ್ರಿಕೆ ಹಾಸಿದರು. ಈ ಸಲ ಸೊಸೆ ನೀರು ಚೆಲ್ಲುವ ಮೊದಲು ನೂರು ಮಿಲಿಲೀಟರ್ ಎತ್ತಿಟ್ಟು, ತೂಗಿ, ಬರೆದುಕೊಂಡಳು. ಸಪ್ಪೆ ನೀರು, ಎರಡು ಹನಿ ಸಾಬೂನು. ಅತ್ತೆ ಉಪ್ಪಿನ ಡಬ್ಬಿಗೆ ಮೂರು ಬೆರಳು ಹಾಕಿದರು.

"ತಾಳಿ ಅತ್ತೆ!" ಮೇಡಂ ಚೀಲದಿಂದ ಪುಟ್ಟ ತಕ್ಕಡಿ ತೆಗೆದು ಮುಂದಿಟ್ಟಳು. "ಮೊದಲು ಇದರ ಮೇಲೆ ಹಾಕಿ."

"ಚಿಟಿಕೆಗೂ ತಕ್ಕಡಿಯೇನೇ?"

"ನಿಮ್ಮ ಚಿಟಿಕೆ ಎಷ್ಟು ಅಂತ ನನಗೆ ಗೊತ್ತಾಗ್ಬೇಕು."

ಅತ್ತೆ ಒಂದು ಚಿಟಿಕೆ ಹಾಕಿದರು. ಸೊನ್ನೆ ಬಿಂದು ನಾಲ್ಕು ಸೊನ್ನೆ ಗ್ರಾಂ. ಕಾಗದಕ್ಕೆ ಸುರಿದು ಮತ್ತೊಂದು. ಸೊನ್ನೆ ಬಿಂದು ಮೂರು ಒಂಬತ್ತು. ಮತ್ತೊಂದು. ಸೊನ್ನೆ ಬಿಂದು ನಾಲ್ಕು ಸೊನ್ನೆ. ಐದನೆಯ ಚಿಟಿಕೆಗೆ ಮೇಡಂ ತಲೆಯೆತ್ತಿ ಅತ್ತೆಯ ಬೆರಳುಗಳನ್ನೇ ನೋಡಿದಳು. ನಲವತ್ತೈದು ವರ್ಷ ಒಂದೇ ಡಬ್ಬಿಗೆ ಇಳಿದು ಎದ್ದ ಬೆರಳುಗಳು.

"ಅತ್ತೆ, ಮಾರುಕಟ್ಟೆಯಲ್ಲಿ ಅರ್ಧ ಅಂಗಡಿಯವರ ತಕ್ಕಡಿ ಇಷ್ಟು ಸರಿ ಇಲ್ಲ. ನಿಮ್ಮ ಬೆರಳಿಗೆ ಇಲಾಖೆ ಮುದ್ರೆ ಹೊಡೆದು ಕಳಿಸ್ಬಹುದು."

"ಹೊಡಿ, ಹೊಡಿ. ಆಮೇಲೆ ಅಡುಗೆ ರುಚಿ ಇಲ್ಲ ಅನ್ನೋ ಧೈರ್ಯ ಇವನಿಗೆ ಬರಬಾರದು."

ಅತ್ತೆ ಹಾಕುತ್ತ ಹೋದರು, ಸೊಸೆ ಗೀಟು ಎಳೆಯುತ್ತ ಹೋದಳು. ಹದಿನೆಂಟಕ್ಕೆ ಅತ್ತೆಯ ಕೈ ನಿಂತಿತು. ಯಾಕೆ ಅಲ್ಲೇ ಎಂದು ಕೇಳಿದ್ದಕ್ಕೆ, "ಇಷ್ಟೇ ಇರ್ಬೇಕು ಅನ್ಸುತ್ತೆ" ಎಂದರು. ಮೇಡಂ ಒಂದು ಕ್ಷಣ ತಡೆದು, ಹದಿನೆಂಟು ಎಂದು ಬರೆದುಕೊಂಡಳು. ಡಿಕಾಕ್ಷನ್ ಹಾಕುವುದೋ ಬೇಡವೋ ಎಂಬ ಚರ್ಚೆ ನಡೆದು, ಅದನ್ನು ಲೋಟಕ್ಕೇ ಬಿಡುವುದು ಎಂದು ತೀರ್ಮಾನವಾಯಿತು.

ಮೂರು ಗಂಟೆಗೆ ಅತ್ತೆ ಸ್ವಿಚ್ ಒತ್ತಿದರು. ಗಂಡ ಎಂದೋ ಹೊಲಿದಿಟ್ಟಿದ್ದ ಎರಡು ಬೂದಿ ಬಣ್ಣದ ದಿಂಬುಗಳನ್ನು ತಂದು ಬೆತ್ತದ ಕುರ್ಚಿಯ ಎರಡೂ ಬದಿಗೆ ನೆಲದ ಮೇಲೆ ಹಾಕಿದ. ಮೂರೂ ನಲವತ್ತಕ್ಕೆ ಮೇಣ ಇನ್ನೂ ತಳದಲ್ಲಿ ಬೆವರುತ್ತಿತ್ತು. ನಾಲ್ಕಕ್ಕೆ ಅದರ ಬೆನ್ನು ಸ್ವಲ್ಪ ಉಬ್ಬಿತು. ಮೇಡಂ ಎರಡು ಸಲ ಗಡಿಯಾರ ನೋಡಿದಳು. ಮೂರನೆಯ ಸಲ ನೋಡಹೋದಾಗ ಅತ್ತೆಯ ಕೈ ಅವಳ ಹೆಗಲ ಮೇಲೆ ಬಂತು. ಆಮೇಲೆ ನೋಡಲಿಲ್ಲ. ನಾಲ್ಕೂವರೆಗೆ ಉಬ್ಬು ಗುಡ್ಡವಾಯಿತು. ಗುಡ್ಡ ನೀಳವಾಗಿ, ಕುತ್ತಿಗೆ ಸಣ್ಣಗಾಗಿ, ಬಿಡಲೋ ಬೇಡವೋ ಎಂದು ಬಹಳ ಹೊತ್ತು ಯೋಚಿಸುತ್ತ ನಿಂತಿತು. ಬೀದಿಯಲ್ಲಿ ಯಾರದೋ ಸೈಕಲ್ ಗಂಟೆ ಕೇಳಿಸಿತು. ಗಂಡ ಬಾಯಿ ಅರೆ ತೆರೆದು, ಹುಬ್ಬು ಸಡಿಲ ಬಿಟ್ಟು, ಗೋಡೆಯ ಮೇಲಿನ ಹಳೆಯ ಫೋಟೋಗಳಲ್ಲಿರುವವರ ಹಾಗೆ ಕೂತಿದ್ದ.

ಉಂಡೆ ತಳ ಬಿಟ್ಟಿತು.

"ಹೂಂ" ಎಂದರು ಅತ್ತೆ, ಕುರ್ಚಿಯ ಕೈ ಹಿಡಿದು ಏಳುತ್ತ. "ಟೀಗಿಡ್ತೀನಿ."

ಆಗ ಮಾತ್ರ ಮೇಡಂ ಗಡಿಯಾರ ನೋಡಿದಳು. ಐದು ಗಂಟೆ ಎರಡು ನಿಮಿಷ. ನೋಟ್‌ಬುಕ್ ತೆಗೆದು ಹನ್ನೆರಡನೆಯ ಪುಟದಲ್ಲಿ ಮಬ್ಬು ಎಂಬ ಮಾತನ್ನು ಹೊಡೆದುಹಾಕಿದಳು. ನಿಧಾನ ಎಂಬ ಮಾತನ್ನು ದೋಷದ ಸಾಲಿನಿಂದ ತೆಗೆದು, ಕೆಳಗೆ ಬೇರೆಯಾಗಿ ಬರೆದಳು: "ಏಳಲು ಎರಡು ಗಂಟೆ ಎರಡು ನಿಮಿಷ. ಉಪ್ಪು: ಅತ್ತೆಯ ಚಿಟಿಕೆ ಹದಿನೆಂಟು." ಗ್ರಾಂ ಲೆಕ್ಕದಲ್ಲಿ ಎಷ್ಟು ಎಂದು ಪಕ್ಕದಲ್ಲಿ ಬರೆಯಲು ಹೋದವಳು, ಅಡುಗೆಮನೆಯಿಂದ "ಸಕ್ಕರೆ ಎಷ್ಟು ಹಾಕ್ಲೇ?" ಎಂಬ ದನಿ ಕೇಳಿ ಪೆನ್ನಿನ ಮುಚ್ಚಳ ಹಾಕಿದಳು.

"ನಿಮಗೆ ಅನ್ಸಿದಷ್ಟು ಹಾಕಿ ಅತ್ತೆ."